ಇಳಿಯಬೇಕಾದ ಅಂಕಿ

ಅಕ್ಕ ಆಸ್ಪತ್ರೆ ಸೇರುವ ಮುನ್ನ ತಂಗಿಗೆ ಒಪ್ಪಿಸಿ ಹೋದದ್ದು ಒಡವೆಯನ್ನಲ್ಲ, ಒಂದು ತೊಟ್ಟಿ ಉಪ್ಪುನೀರನ್ನು. ಹಜಾರದ ಗೋಡೆಗೆ ಒತ್ತಿ ನಿಂತ ಗಾಜಿನ ತೊಟ್ಟಿ, ಒಳಗೆ ನೇರಳೆ, ಹಸಿರು, ಕಿತ್ತಳೆ ಬಣ್ಣದ ಜೀವಂತ ಹವಳಗಳು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದ ಅಕ್ಕರೆಯನ್ನೆಲ್ಲ ಅದಕ್ಕೇ ಸುರಿದಿದ್ದಳು. ಕರೆದರೆ ಓಗೊಡದ, ಎದ್ದು ಎದುರಿಗೆ ಬಾರದ ಪ್ರಾಣಿಯ ಮೇಲೆ ಅಷ್ಟೊಂದು ಮೋಹ ಯಾಕೋ ದೇವರೇ ಬಲ್ಲ. ತಂಗಿಯಂತೂ ಅದನ್ನು 'ನಿನ್ನ ಕಲ್ಲಿನ ಸಂಸಾರ' ಎಂದು ಆಡಿಕೊಳ್ಳುತ್ತಿದ್ದಳು.

ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಒಂದು ಪುಟ್ಟ ಯಂತ್ರವಿತ್ತು. ಅಕ್ಕ ಅದಕ್ಕಿಟ್ಟ ಹೆಸರು ಗುಮಾಸ್ತ. ಗುಮಾಸ್ತ ತೆಳ್ಳನೆಯ ಕೊಳವೆಯಿಂದ ಆಗಾಗ ತೊಟ್ಟಿಯ ನೀರು ಹೀರಿ, ಔಷಧಿಯ ಹನಿ ಬೆರೆಸಿ, ಕ್ಷಾರ ಎಷ್ಟಿದೆಯೆಂದು ಅಳೆದು, ಅಂಕಿಯನ್ನು ಅಕ್ಕತಂಗಿಯರಿಬ್ಬರ ಫೋನಿಗೂ ಕಳಿಸುತ್ತಿದ್ದ. ಹವಳ ಮೈ ಬೆಳೆಸಿಕೊಳ್ಳುವುದು ಆ ಕ್ಷಾರವನ್ನು ತಿಂದು. ತಿಂದಷ್ಟು ಅಂಕಿ ಇಳಿಯುತ್ತದೆ, ಇಳಿದಷ್ಟನ್ನು ಪಕ್ಕದ ಪಂಪು ತುಂಬಿಕೊಡುತ್ತದೆ. ಅಂಕಿ ಎಂಟರ ಆಸುಪಾಸಿನಲ್ಲಿದ್ದರೆ ಎಲ್ಲರೂ ಕ್ಷೇಮ.

"ನೀನೇನೂ ಮಾಡ್ಬೇಡ ಮೊದ್ದು. ಗುಮಾಸ್ತ ನೋಡ್ಕೋತಾನೆ. ಒಂದಕ್ಕೂ ಕೈ ಹಾಕ್ದೆ ಇದ್ರೆ ಅದೇ ದೊಡ್ಡ ಉಪಕಾರ," ಎಂದು ಹೇಳಿ ಹೋಗಿದ್ದಳು ಅಕ್ಕ.

ತಂಗಿ ಕೈ ಹಾಕಿದಳು. ಅಕ್ಕನ ಹೊಟ್ಟೆಯ ಗೆಡ್ಡೆ ತೆಗೆಯುವ ದಿನ ಬೆಳಿಗ್ಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಟ್ಟೆ ಸರಿಪಡಿಸುವ ಅಂಗಡಿಯಲ್ಲಿ ದಿನವಿಡೀ ಜಿಪ್ಪು ಬಿಚ್ಚಿ ಜಿಪ್ಪು ಹಾಕುವ ಕೈ ಅದು, ಸುಮ್ಮನಿರಲು ಗೊತ್ತಿಲ್ಲ. ಕಪಾಟು ತೆರೆದು ಧೂಳು ಒರೆಸಿದಳು. ಅಲ್ಲಿ ಎರಡು ಡಬ್ಬಗಳು: ಒಂದರಲ್ಲಿ ತೊಟ್ಟಿಯಿಂದ ಇಳಿದು ಮತ್ತೆ ಮೇಲೇರುವ ಉಪ್ಪುನೀರು, ಇನ್ನೊಂದರಲ್ಲಿ ಆವಿಯಾದಷ್ಟು ತುಂಬಲೆಂದು ಇಟ್ಟ ಬರೀ ಸಿಹಿನೀರು. ಒರೆಸುವಾಗ ಗುಮಾಸ್ತನ ಕೊಳವೆ ಕಳಚಿ ಬಂತು. ಅವಳು ಅದನ್ನು ಕೈಗೆ ಹತ್ತಿರವಿದ್ದ ಡಬ್ಬಕ್ಕೆ ಸಿಕ್ಕಿಸಿ ಆಸ್ಪತ್ರೆಗೆ ಓಡಿದಳು. ಅದು ಸಿಹಿನೀರಿನ ಡಬ್ಬ.

ಗುಮಾಸ್ತ ಸಿಹಿನೀರು ಕುಡಿದು ಕ್ಷಾರವೇ ಇಲ್ಲವೆಂದು ವರದಿ ಮಾಡಿದ. 'ಕ್ಷಾರ ತೀರಾ ಕಡಿಮೆ. ಮಿತಿ ಮೀರಿ ಹಾಕಬೇಕೆ?' ಎಂದು ಫೋನು ಕೇಳಿದಾಗ ಅವಳು ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲಿದ್ದಳು. 'ಹೌದು' ಒತ್ತಿದಳು. ಪಾಪ, ಹಸಿದಿರಬೇಕು, ಹಾಕಲಿ. ಫೋನು ಮತ್ತೆ ಕೇಳಿತು, ಮತ್ತೆ ಹೌದು. ಇಡೀ ದಿನ ಅವಳು ಕಣ್ಣನ್ನು ಬಾಗಿಲ ಮೇಲಿಟ್ಟುಕೊಂಡು ಹೌದು ಹೌದು ಎಂದೇ ಒತ್ತಿದಳು. ಮನೆಗೆ ಬಂದಾಗ ತೊಟ್ಟಿಯ ನೀರು ಸುಣ್ಣ ಕಲಸಿದ ಹಾಗಿತ್ತು. ಹವಳಗಳ ಮೈ ಚಿಂದಿಚಿಂದಿಯಾಗಿ ಕಳಚಿ ತೇಲುತ್ತಿತ್ತು.

ಇಂಥ ತೊಟ್ಟಿಗಳಿಗೆ ಸಮುದ್ರದ ಉಪ್ಪು ಮಾರುವ ಅಂಗಡಿಯವನನ್ನು ಎಲ್ಲರೂ ಉಪ್ಪಣ್ಣ ಎನ್ನುತ್ತಿದ್ದರು. ಅವಳು ಅವನನ್ನು ಹೆಚ್ಚುಕಮ್ಮಿ ಕೈಹಿಡಿದು ಎಳೆತಂದಳು. ಅವನು ನೀರೆಲ್ಲ ಬದಲಿಸಿದ, ಪಂಪನ್ನು ಕಿತ್ತಿಟ್ಟ, ಬೆಳಕು ತಗ್ಗಿಸಿದ. ಆಮೇಲೆ ಕೈ ಒರೆಸಿಕೊಂಡು ಅವಳ ಕಡೆ ತಿರುಗಿದ.

"ಸುಟ್ಟುಹೋಗಿವೆ ಅಮ್ಮ. ಆ ಮೂಲೇಲಿ ನೇರಳೆದು ಒಂದು ಉಗುರಷ್ಟು ಮಾಂಸ ಉಳಿದಿದೆ ನೋಡಿ. ಅದು ಬದುಕಿದ್ರೂ ಬದುಕಬಹುದು. ಇನ್ನು ಅದರ ತಂಟೆಗೆ ಮಾತ್ರ ಹೋಗ್ಬೇಡಿ."

"ಅಕ್ಕಂಗೆ ಏನು ಹೇಳಲಿ ಅಣ್ಣ?"

ಉಪ್ಪಣ್ಣನ ಅಂಗಡಿಯಲ್ಲಿ ಅದಕ್ಕೆ ಔಷಧಿ ಇರಲಿಲ್ಲ.

ಎಚ್ಚರವಾದ ಅಕ್ಕ ಊಟ ಮುಟ್ಟಲಿಲ್ಲ. ಎರಡನೆಯ ಆಪರೇಷನ್ ಬಾಕಿಯಿತ್ತು. ಮೈಗೆ ಶಕ್ತಿ ಬಾರದೆ ಚಾಕು ಹಿಡಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆಪರೇಷನ್ ಆಗದಿದ್ದರೆ ಏನೆಂದು ಅವರು ಹೇಳಲಿಲ್ಲ, ತಂಗಿಯೂ ಕೇಳಲಿಲ್ಲ. ಗಂಜಿಯ ಬಟ್ಟಲನ್ನು ದೂಡಿ ಅಕ್ಕ ಕೇಳಿದ ಮೊದಲ ಮಾತು, "ನನ್ನ ಫೋನೆಲ್ಲಿ?"

ಫೋನು ಮನೆಯಲ್ಲಿದೆ, ನಾಳೆ ತರುತ್ತೇನೆ ಎಂದು ಸುಳ್ಳು ಹೇಳಿ ತಂಗಿ ಮನೆಗೆ ಓಡಿದಳು. ತೊಟ್ಟಿಯ ನೀರನ್ನು ನಂಬಲು ಅವಳಿಗೆ ಧೈರ್ಯವಿರಲಿಲ್ಲ. ಅಡುಗೆಮನೆಯ ಬಕೆಟ್ಟಿನಲ್ಲಿ ಹೊಸ ಉಪ್ಪು ಕಲಸಿ, ಗುಮಾಸ್ತನ ಕೊಳವೆಯನ್ನು ಅದರಲ್ಲಿಟ್ಟಳು. ಈ ಸಲ ಗೊತ್ತಿದ್ದೇ ಇಟ್ಟಳು. ಎಂಟು ಪಾಯಿಂಟ್ ಎರಡು ಎಂದ ಗುಮಾಸ್ತ, ಮುಗ್ಧವಾಗಿ.

ಮರುದಿನ ಅಕ್ಕ ಆ ಅಂಕಿ ನೋಡಿ, ಆಪರೇಷನ್ ದಿನದ ಸೊನ್ನೆಗಳ ಮೇಲೆ ಬೆರಳಿಟ್ಟು, "ಇದೇನೇ?" ಎಂದಳು.

"ಕರೆಂಟ್ ಹೋಗಿತ್ತು ಅಕ್ಕ."

ಅಕ್ಕ ನಾಲ್ಕು ಚಮಚ ಗಂಜಿ ಕುಡಿದಳು. ತಂಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಅಂದಿನಿಂದ ದಿನಾ ಬಕೆಟ್ಟಿಗೆ ಉಪ್ಪು ಕಲಸುವುದು, ಆಸ್ಪತ್ರೆಗೆ ಓಡುವುದು, ಅಕ್ಕ ಅಂಕಿ ನೋಡಿ ಬಾಯಿ ತೆರೆಯುವುದನ್ನು ಕಾಯುವುದು. ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಜಿಪ್ಪು ತಲೆಕೆಳಗಾಗಿ ಹೊಲಿದು ಬೈಸಿಕೊಂಡಳು.

ಹಾಗೆ ಒಂದು ವಾರವೂ ನಡೆಯಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಫೋನನ್ನು ಹೊದಿಕೆಯ ಮೇಲೆ ಮಗುಚಿಟ್ಟು, ಮೆಲ್ಲಗೆ ಕೇಳಿದಳು:

"ಬಕೆಟ್ಟು ಎಲ್ಲಿಟ್ಟಿದ್ದೀಯೇ ಮೊದ್ದು?"

"ಯಾವ ಬಕೆಟ್ಟು?"

"ಬೆಳಿಗ್ಗೆ ಎಂಟು ಎರಡು, ಸಂಜೆ ಎಂಟು ಎರಡು. ಅದು ಹೊಸದಾಗಿ ಕಲಸಿದ ಉಪ್ಪಿನ ಅಂಕಿ. ಜೀವ ಇರೋ ಕಡೆ ಅಂಕಿ ಹಂಗೆ ನಿಲ್ಲಲ್ಲ ಕಣೇ, ಇಳೀತಾ ಏರ್ತಾ ಇರತ್ತೆ. ಅಲ್ಲಿ ತಿನ್ನೋರು ಯಾರೂ ಇಲ್ಲ."

ತಂಗಿ ಎಲ್ಲವನ್ನೂ ಹೇಳಿದಳು. ಧೂಳು, ಡಬ್ಬ, ಒತ್ತಿದ ಹೌದುಗಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕ ಬೈಯಲಿಲ್ಲ. ಅವಳ ತಲೆ ಸವರಿ, "ನೀನೇನು ಬೇಕಂತ ಮಾಡಿದ್ಯಾ, ಬಿಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಲಿಂದಲೇ ಅಂದಳು: "ಕೊಳವೇನ ತೊಟ್ಟಿಗೆ ಹಾಕು. ಪಂಪು ಹಚ್ಚಬೇಡ. ಒಂದು ಚೂರು ಬದುಕಿದ್ರೂ ಅಂಕಿ ಇಳಿಯತ್ತೆ. ಇಳಿದ್ರೆ ನೋಡೋಣ."

ಆ ರಾತ್ರಿಯ ಗಂಜಿ ಹಾಗೇ ಆರಿತು. ಮರುದಿನದ್ದೂ ಆರಿತು. ನರ್ಸು ಬಟ್ಟಲು ಎತ್ತಿಕೊಂಡು ಹೋಗುವಾಗ ತಂಗಿಯನ್ನು ನೋಡಿದ ನೋಟ ಅವಳ ಬೆನ್ನು ಬಿಡಲಿಲ್ಲ. ಹೀಗೇ ಆದರೆ ಆಪರೇಷನ್ ಕೈಬಿಡಬೇಕಾಗುತ್ತದೆ ಎಂದರು ಡಾಕ್ಟರು.

ತೊಟ್ಟಿಗೆ ಹಾಕಿದ ಕೊಳವೆಯೂ ಎಂಟು ಪಾಯಿಂಟ್ ಒಂದರಲ್ಲಿ ಕಚ್ಚಿಕೊಂಡು ಕೂತಿತ್ತು. ಅಂಕಿ ಏರಲೆಂದು ಒದ್ದಾಡಿದ್ದವಳು ಈಗ ಇಳಿಯಲೆಂದು ಗಾಜಿಗೆ ಹಣೆ ಒತ್ತಿ ಬೇಡಿಕೊಂಡಳು. "ತಿನ್ನೇ ಮಹಾರಾಯ್ತಿ, ಒಂದು ಚೂರು ತಿನ್ನೇ." ನೇರಳೆ ಚೂರು ತನ್ನ ಪಾಡಿಗೆ ಮೂಲೆಯಲ್ಲಿತ್ತು. ಬದುಕಿತ್ತು, ಆದರೆ ಅಂಕಿಯನ್ನು ಅಲುಗಿಸುವಷ್ಟು ಹಸಿವು ಅದಕ್ಕೆಲ್ಲಿಂದ ಬರಬೇಕು? ಅಕ್ಕನ ಹಾಗೇ ಅದೂ ಬಾಯಿ ಮುಚ್ಚಿಕೊಂಡಿತ್ತು.

ಮೂರನೆಯ ಬಟ್ಟಲು ಆರಿದ ದಿನ ಅವಳು ಉಪ್ಪಣ್ಣನ ಅಂಗಡಿಗೆ ಹೋದಳು.

"ಅಣ್ಣ, ಅಂಕಿ ಇಳಿಸೋಕೆ ಏನು ಹಾಕ್ಬೇಕು?"

"ಎಲ್ರೂ ಏರ್ಸೋಕೆ ಕೇಳ್ತಾರೆ, ನೀವೊಬ್ರು..." ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. "ಹುಳಿ ಹಾಕಿದ್ರೆ ಇಳಿಯತ್ತೆ. ಅಡುಗೆಮನೆ ವಿನೆಗರ್ ಸಾಕು. ಆದ್ರೆ ಅಮ್ಮ, ಸುಟ್ಟು ಅರೆಜೀವ ಆಗಿರೋ ಚೂರು ಅದು. ಇದನ್ನ ತಡ್ಕೊಳ್ಳೋದು ಅನುಮಾನ."

ಅವಳು ನೇರ ಮನೆಗೆ ಹೊರಟಳು.

ಮನೆಯಲ್ಲಿ ವಿನೆಗರ್ ಬಾಟಲಿ ಹಿಡಿದು ತೊಟ್ಟಿಯ ಮುಂದೆ ನಿಂತಳು. ಇಡೀ ಮನೆಯಲ್ಲಿ ಅಕ್ಕನದೆಂದು ಉಸಿರಾಡುತ್ತಿದ್ದದ್ದು ಆ ಉಗುರಿನಷ್ಟು ನೇರಳೆ ಒಂದೇ. ಬಕೆಟ್ಟಿನ ಆಟವನ್ನು ಅಕ್ಕ ಒಮ್ಮೆ ಹಿಡಿದಿದ್ದಳು, ಇನ್ನೊಮ್ಮೆ ಹಿಡಿದರೆ ಆಮೇಲೆ ಯಾವ ಅಂಕಿಯನ್ನೂ ನಂಬಳು. ಅದು ಬದುಕಿದೆಯೆಂದು ಅಕ್ಕ ನಂಬಬೇಕಾದರೆ ಅದನ್ನೇ ಸಾಯಿಸಬೇಕು. ಇದೆಂಥ ದರಿದ್ರ ಲೆಕ್ಕ! ಅವಳು ಜೋರಾಗಿ ಅತ್ತಳು, ಗುಮಾಸ್ತನಿಗೆ ಬಾಯಿಗೆ ಬಂದಂತೆ ಬೈದಳು, ಮತ್ತೆ ಮೂಗು ಒರೆಸಿಕೊಂಡು ಕೆಳಗಿನ ಉಪ್ಪುನೀರಿನ ಡಬ್ಬಕ್ಕೆ ವಿನೆಗರ್ ಸುರಿದಳು. ಸಾಲದೆನಿಸಿ ಇನ್ನೂ ಸ್ವಲ್ಪ ಸುರಿದಳು. ಗುಮಾಸ್ತ ಗುರ್ರೆಂದು ನೀರು ಹೀರಿ, ಹನಿ ಬೆರೆಸಿ, ಅಳೆದ. ಏಳು ಪಾಯಿಂಟ್ ಎಂಟು.

ಅವಳು ಎದ್ದು ನಿಲ್ಲುವಷ್ಟರಲ್ಲಿ ಫೋನು ಬಂತು.

"ಇಳಿದಿದೆ ಕಣೇ!" ಅಕ್ಕನ ದನಿ ಒಡೆದಿತ್ತು. "ನೋಡಿದ್ಯಾ? ಇಳಿದಿದೆ! ಯಾವುದೇ ಅದು, ನೇರಳೆದಾ?"

"ಹೂಂ ಅಕ್ಕ. ನೇರಳೆದು."

"ನಂಗೆ ಗೊತ್ತಿತ್ತು. ಅದು ಗಟ್ಟಿ ಪಿಂಡ. ಫೋಟೋ ಗೀಟೋ ಕಳಿಸ್ಬೇಡ, ನಾನೇ ಬಂದು ನೋಡ್ತೀನಿ. ಸಿಸ್ಟರ್, ಆ ಬಟ್ಟಲು ಇಲ್ಲಿ ಕೊಡಿ."

ಫೋನಿನಲ್ಲಿ ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿತು. ಗಾಜಿನ ಆಚೆ ನೇರಳೆ ಚೂರಿನ ಅಂಚು ಬೆಳ್ಳಗಾಗುತ್ತಾ ಒಳಸರಿಯುತ್ತಿತ್ತು. ತಂಗಿ ಅದರಿಂದ ಕಣ್ಣು ಕೀಳದೆ, ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡಳು.

"ತಿನ್ನು ಅಕ್ಕ," ಎಂದಳು. "ಇನ್ನೊಂದು ಚಮಚ ತಿನ್ನು."