ಕಿಟಕಿ ಹಾಡಿನ ಹದಿನಾಲ್ಕು ಸೆಕೆಂಡ್

ತಪ್ಪು ನನ್ನದೇ. ಈ ಮಾತು ನನ್ನ ಬಾಯಿಂದ ಬರುವುದೇ ಅಪರೂಪ, ಅದಕ್ಕೇ ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ನಾನು ಟೈಲರ್. ಮೂವತ್ತೈದು ವರ್ಷದಿಂದ ಒಪೆರಾ ಥಿಯೇಟರಿನ ಹಿಂದಿನ ಕೋಣೆಯಲ್ಲಿ ಕೂತು ರಾಜರಿಗೂ ಭಿಕ್ಷುಕರಿಗೂ ಬಟ್ಟೆ ಹೊಲಿದಿದ್ದೇನೆ. ಹಾಕಿ ನೋಡಿದವರನ್ನೆಲ್ಲ "ಅಳತೆ ಸರಿ ಬಂತಾ?" ಅಂತ ಕೇಳುತ್ತೇನೆ. ಇಲ್ಲ ಅಂದರೆ ಅವರೇ ದಪ್ಪಗಾಗಿದ್ದಾರೆ ಅಂತ ಅರ್ಥ.

ನನ್ನ ಅಕ್ಕನೂ ಅದೇ ಥಿಯೇಟರಿನವಳು. ಗುಂಪಿನಲ್ಲಿ ಹಾಡುತ್ತಿದ್ದಳು, ಮೂರನೇ ಸಾಲು, ಎಡಗಡೆ. ಇಡೀ ಜೀವನದಲ್ಲಿ ಒಂದೇ ಸಲ ಮುಂದೆ ಬಂದದ್ದು. ಅವಳಿಗಾಗ ಇಪ್ಪತ್ತೇಳು. ರೆಕಾರ್ಡಿಂಗ್ ದಿನವೇ ದೊಡ್ಡ ಗಾಯಕಿಗೆ ಗಂಟಲು ಕಟ್ಟಿತು, "ನೀನೇ ಹಾಡಮ್ಮ" ಅಂದರು. ಮನೆಕೆಲಸದ ಹೆಂಗಸೊಬ್ಬಳು ಬೆಳಿಗ್ಗೆ ಎದ್ದು ಒಂದೊಂದೇ ಕಿಟಕಿ ತೆರೆಯುತ್ತಾ ಹಾಡುವ ಹಾಡು ಅದು. ಅಕ್ಕ ಹಾಡಿದಳು, ರೆಕಾರ್ಡ್ ಬಂತು, ಮಾರನೇ ದಿನ ಮತ್ತೆ ಮೂರನೇ ಸಾಲು, ಎಡಗಡೆ. ವೇದಿಕೆಯ ಮೇಲೆ ಒಬ್ಬಳೇ ನಿಂತು ಆ ಹಾಡು ಹಾಡುವ ಅವಕಾಶ ಮತ್ತೆ ಬರಲೇ ಇಲ್ಲ.

ಈಗ ಅವಳಿಗೆ ಅರವತ್ತೆರಡು. ನಾವಿಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೇವೆ. ಹೋದ ತಿಂಗಳು ವಾದ್ಯಮೇಳ ನಡೆಸುವ ಮೇಷ್ಟ್ರು ಫೋನ್ ಮಾಡಿದರು. "ಥಿಯೇಟರಿಗೆ ನೂರು ವರ್ಷ ತುಂಬುತ್ತೆ. ಆ ಕಿಟಕಿ ಹಾಡು ನೀವೇ ಹಾಡಬೇಕು. ನೀವೊಬ್ಬರೇ."

ಅಕ್ಕ ಫೋನ್ ಇಟ್ಟವಳೇ ನನ್ನ ಕೆನ್ನೆ ಹಿಂಡಿ, "ಪುಟ್ಟೀ, ನನಗೊಂದು ಹೊಸ ಗೌನ್ ಹೊಲಿ!" ಅಂದಳು. ನನಗೆ ಐವತ್ತೆಂಟು, ಆದರೂ ಪುಟ್ಟಿ.

ಅವತ್ತಿನಿಂದಲೇ ಅಭ್ಯಾಸ ಶುರು. ನಮ್ಮ ಮನೆಯಲ್ಲಿ ಪಿಯಾನೋ ಇಲ್ಲ. ಹಳೇ ರೆಕಾರ್ಡ್ ಪ್ಲೇಯರ್ ಇದೆ. ಅದರಲ್ಲಿ ಆಗಾಗ ತನ್ನ ಹಾಡು ಕೇಳಿ ನಿಟ್ಟುಸಿರು ಬಿಡುವುದು ಅವಳ ಹಳೇ ಚಾಳಿ. ಈಗ ತನ್ನದೇ ರೆಕಾರ್ಡ್ ಹಾಕಿಕೊಂಡು, ಅದರ ಜೊತೆಗೇ ಹಾಡುವಳು. ಮೊದಲ ವಾರ ಉತ್ಸಾಹ. ಎರಡನೇ ವಾರ ಏದುಸಿರು. ಮೂರನೇ ವಾರ ಮುಖ ಊದಿಸಿಕೊಂಡು ಕೂತಳು. ಕೊನೆಯ ಎತ್ತರದ ಸ್ವರ ಕೈಗೆ ಸಿಗುತ್ತಿರಲಿಲ್ಲ, ನಡುವಿನ ಸಾಲುಗಳಲ್ಲಿ ಉಸಿರು ತೆಗೆದುಕೊಳ್ಳುವುದಕ್ಕೂ ಪುರುಸೊತ್ತಿಲ್ಲ.

"ಆಗ ನಾನು ಏನು ಹಾಡ್ತಿದ್ದೆನೇ! ಎಂಥಾ ಓಟ, ಎಂಥಾ ಎತ್ತರ! ಈಗ ಆಗಲ್ಲ ಬಿಡು. ನನ್ನ ಮುಂದೆ ನಾನೇ ನಗೆಪಾಟಲಾಗ್ತೀನಿ."

"ವಯಸ್ಸಾಯ್ತು, ಒಪ್ಕೋ," ಅಂದೆ. ನನ್ನ ನಾಲಿಗೆಗೆ ಲಂಗುಲಗಾಮಿಲ್ಲ. ಅವಳ ಕಣ್ಣು ತುಂಬಿತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಬುಧವಾರ ಬೆಳಿಗ್ಗೆ ಅವಳು ಎಣ್ಣೆಸ್ನಾನಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, "ನಾನು ಬರಲ್ಲ ಅಂತ ಮೇಷ್ಟ್ರಿಗೆ ನೀನೇ ಹೇಳಿಬಿಡು. ನಾಳೆ ರಿಹರ್ಸಲ್ಲು, ಪಾಪ ಕಾಯ್ತಾರೆ," ಅಂದಳು.

ಫೋನ್ ಕೈಗೆತ್ತಿಕೊಂಡೆ. ಬೆರಳು ಓಡಲಿಲ್ಲ. ಹೊತ್ತು ಕಳೆಯಲಿಕ್ಕೆ ಅಂತ ಆ ರೆಕಾರ್ಡನ್ನೇ ಹಾಕಿ ಅದರ ಕವರ್ ಓದುತ್ತಾ ನಿಂತೆ. ಹಿಂದುಗಡೆ ಸಣ್ಣಕ್ಷರದಲ್ಲಿತ್ತು: ಶ್ರುತಿ ಎಫ್ ಮೇಜರ್. ಗತಿ ನಿಧಾನ. ಭಾವ ನೆಮ್ಮದಿಯ ಖುಷಿ. ಅವಧಿ ನಾಲ್ಕು ನಿಮಿಷ.

ನೆಮ್ಮದಿಯಂತೆ, ನೆಮ್ಮದಿ! ರೆಕಾರ್ಡಿನಲ್ಲಿದ್ದವಳು ಬಸ್ಸು ತಪ್ಪಿಸಿಕೊಂಡವಳ ಹಾಗೆ ಓಡುತ್ತಿದ್ದಳು. ಕಿಟಕಿ ತೆರೆಯುತ್ತಿದ್ದಾಳೋ, ಮನೆಗೆ ಬೆಂಕಿ ಬಿದ್ದಿದೆಯೋ ಅನ್ನುವ ಹಾಗೆ. ಶ್ರುತಿ ಗತಿ ನನಗೆ ತಿಳಿಯುವುದಿಲ್ಲ, ಆದರೆ ಅಳತೆ ತಿಳಿಯುತ್ತೆ. ಮತ್ತೆ ಮೊದಲಿಂದ ಹಾಕಿ ಗೋಡೆ ಗಡಿಯಾರ ನೋಡಿದೆ. ಮೂರು ನಿಮಿಷ ನಲವತ್ತಾರು ಸೆಕೆಂಡಿಗೆ ಹಾಡು ಮುಗಿಯಿತು. ಮತ್ತೊಂದು ಸಲ ಹಾಕಿದೆ. ಆಗಲೂ ಅಷ್ಟೇ.

ನಾಲ್ಕು ಮೀಟರ್ ಬಟ್ಟೆ ಕೊಟ್ಟಿದ್ದೇನೆ ಅಂದವರ ಗಂಟಿನಲ್ಲಿ ಕಡಿಮೆ ಇದ್ದರೆ ನಾನು ಸುಮ್ಮನಿರುವವಳಲ್ಲ. ಹದಿನಾಲ್ಕು ಸೆಕೆಂಡ್ ಎಲ್ಲಿ ಹೋಯಿತು?

ಮೇಷ್ಟ್ರಿಗೆ ಫೋನ್ ಮಾಡಿದೆ, ಆದರೆ ಅಕ್ಕ ಹೇಳಿದ ಮಾತು ಹೇಳಲಿಲ್ಲ. "ಇದನ್ನ ಸ್ವಲ್ಪ ಕೇಳಿ," ಅಂತ ಫೋನನ್ನು ಸ್ಪೀಕರಿನ ಮುಂದೆ ಹಿಡಿದೆ.

"ಇದು ಎಫ್ ಅಲ್ಲವಲ್ಲಮ್ಮಾ, ಅರ್ಧ ಸ್ವರ ಮೇಲಿದೆ," ಅಂದರು. "ನಿಮ್ಮ ಪ್ಲೇಯರ್ ಜೋರಾಗಿ ತಿರುಗ್ತಿದೆ. ಬೆಲ್ಟು ಯಾರು ಹಾಕಿದ್ದು?"

ಆರು ವರ್ಷದ ಹಿಂದೆ ಆ ಪ್ಲೇಯರಿನ ರಬ್ಬರ್ ಬೆಲ್ಟು ಸವೆದು ಹೋದಾಗ ಅಂಗಡಿಯವನು, ಅದು ಈಗ ಸಿಗಲ್ಲ ಅಂದಿದ್ದ. ಸಿಗದಿದ್ದರೆ ಏನಂತೆ? ಚಡ್ಡಿಗೆ ಹಾಕುವ ಎಲಾಸ್ಟಿಕ್ಕನ್ನೇ ಉಂಗುರದ ಹಾಗೆ ಹೊಲಿದು ನಾನೇ ತೊಡಿಸಿದ್ದೆ. ಹೊಲಿಗೆ ಕಣ್ಣಿಗೆ ಕಾಣದಷ್ಟು ನಯ. ಕಂಡಕಂಡವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ. ಈಗ ಮೇಷ್ಟ್ರಿಗೂ ಹೇಳಿದೆ, ಆದರೆ ಮೆಲ್ಲಗೆ.

"ದಪ್ಪ ಬೆಲ್ಟಾದ್ರೆ ತಟ್ಟೆ ಬೇಗ ತಿರುಗುತ್ತೆ," ಅಂದರು ಮೇಷ್ಟ್ರು. "ಬೇಗ ತಿರುಗಿದ್ರೆ ಶ್ರುತಿನೂ ಮೇಲಕ್ಕೆ."

ಅಯ್ಯೋ ನನ್ನ ಬುದ್ಧಿಗಿಷ್ಟು! ಆರು ವರ್ಷ ನನ್ನ ಅಕ್ಕ ಆ ಚಡ್ಡಿ ಎಲಾಸ್ಟಿಕ್ ಜೊತೆ ಪೈಪೋಟಿ ಮಾಡಿ ಸೋತಿದ್ದಳು.

ಟೋಪಿ ಜಾರದಂತೆ ಗಲ್ಲದ ಕೆಳಗೆ ಕಟ್ಟುವ ತೆಳು ಎಲಾಸ್ಟಿಕ್ ತೆಗೆದೆ. ಮೊದಲನೇ ಉಂಗುರ ಸಡಿಲವಾಗಿ ಜಾರಿತು. ಎರಡನೆಯದಕ್ಕೆ ಹಾಡು ನಾಲ್ಕು ನಿಮಿಷಕ್ಕಿಂತ ಎಂಟು ಸೆಕೆಂಡ್ ಉದ್ದವಾಯಿತು. ಮೂರನೆಯದು ನಾಲ್ಕು ನಿಮಿಷಕ್ಕೆ ಸರಿಯಾಗಿ ಬಂತು. ಅಷ್ಟರಲ್ಲಿ ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಬಂದು, "ಹೇಳಿದೆಯಾ?" ಅಂದಳು.

"ಕೂತ್ಕೋ. ಕೇಳು. ಆಮೇಲೆ ಬೇಕಾದಷ್ಟು ಬೈಯಿ," ಅಂದೆ.

ಹಾಡು ಶುರುವಾಯಿತು. ಈ ಸಲ ಆ ಹೆಂಗಸು ಒಂದು ಕಿಟಕಿ ತೆರೆದು, ಹೊರಗೆ ನೋಡಿ, ಆಮೇಲೆ ಇನ್ನೊಂದರ ಹತ್ತಿರ ಹೋದಳು. ದಿನಾ ಅಕ್ಕ ಪಾತ್ರೆ ತೊಳೆಯುತ್ತಾ ಗುನುಗುವಾಗ ನಾನು ಕೇಳುವ ದನಿಯೇ ಅದು. ಅಕ್ಕ ಅಲುಗಾಡಲಿಲ್ಲ. ನಡುವೆಲ್ಲೋ ತನಗೇ ಗೊತ್ತಿಲ್ಲದೆ ಜೊತೆಗೆ ಹಾಡಲು ಶುರುಮಾಡಿದಳು. ಕೊನೆಯ ಸ್ವರ ಬಂತು. ಸಲೀಸಾಗಿ ಹತ್ತಿ ನಿಂತಳು, ಟವೆಲ್ ಜಾರಿ ಬಿದ್ದದ್ದೂ ತಿಳಿಯಲಿಲ್ಲ.

"ಇದು ನಾನೇ ಕಣೇ," ಅಂದಳು.

ಎಲಾಸ್ಟಿಕ್ ವಿಷಯ ಹೇಳಿದೆ. ತಪ್ಪಾಯ್ತು ಅಂತಲೂ ಹೇಳಿದೆ. ಅವಳು ಆ ಹಳೇ ಉಂಗುರ ಎತ್ತಿ ಎಳೆದು ನೋಡಿ, "ಮಹಾತಾಯಿ! ಆರು ವರ್ಷ ನನಗೆ ನನ್ನ ಮೇಲೇ ಹೊಟ್ಟೆಕಿಚ್ಚು ಬರೋ ಹಾಗೆ ಮಾಡಿದೆಯಲ್ಲೇ!" ಅಂತ ಅದನ್ನು ನನ್ನ ಮೂಗಿಗೆ ಗುರಿಯಿಟ್ಟು ಬಿಟ್ಟಳು. ಆಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಭಾನುವಾರ ಸಂಜೆ ನಾನು ಪರದೆಯ ಪಕ್ಕ ನಿಂತಿದ್ದೆ. ಬಾಯಲ್ಲಿ ಗುಂಡುಸೂಜಿಗಳು, ಕೈಯಲ್ಲಿ ಗಡಿಯಾರ. ಅಕ್ಕ ನೀಲಿ ಗೌನಿನಲ್ಲಿ ವೇದಿಕೆಯ ನಟ್ಟನಡುವೆ ಒಬ್ಬಳೇ ನಿಂತಳು. ಶ್ರುತಿ ಎಫ್ ಮೇಜರ್, ಗತಿ ನಿಧಾನ. ಭಾವ ಏನು ಅಂತ ಕವರ್ ನೋಡಬೇಕಾಗಿರಲಿಲ್ಲ. ಕೊನೆಯ ಸ್ವರವನ್ನು ಅವಳು ಬಿಡಲೇ ಇಲ್ಲ. ಮೇಷ್ಟ್ರು ಎತ್ತಿದ ಕೈ ಇಳಿಸದೆ ನಗುತ್ತಾ ಕಾದರು. ನಾನು ಕದ್ದಿದ್ದ ಹದಿನಾಲ್ಕು ಸೆಕೆಂಡನ್ನೂ ವಾಪಸ್ ತೆಗೆದುಕೊಂಡು, ಮೇಲೆ ಇನ್ನಾರು ಸೇರಿಸಿ ಹಾಡಿದಳು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಬೆವರೊರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದಳು.

"ಅಳತೆ ಸರಿ ಬಂತೇನೇ, ಪುಟ್ಟೀ?"

ಬಾಯಲ್ಲಿ ಗುಂಡುಸೂಜಿ ಇದ್ದವು ಅಂತ ಉತ್ತರ ಕೊಡಲಿಲ್ಲ. ಅಳುತ್ತಿದ್ದೆ ಅಂತ ಅಲ್ಲ.