ವೆಂಡೆಲ್‌ನ ಐದಿಂಚು ಪೈಪು

ವೆಂಡೆಲ್ ಸ್ಟೆಂಗರ್‌ನ ಡೀಸೆಲ್ ಪಿಕಪ್‌ಗೆ ಐದಿಂಚಿನ ಹೊಗೆಪೈಪು ಕೂರಿಸಿದವನು ನಾನೇ. ಆ ಪಾಪದಲ್ಲಿ ಅರ್ಧ ಪಾಲು ನನ್ನದು, ಒಪ್ಪಿಕೊಳ್ಳುತ್ತೇನೆ. ನೆಬ್ರಾಸ್ಕದ ಮರಳುಗುಡ್ಡಗಳ ನಡುವೆ ಅವನು ನೂರಿಪ್ಪತ್ತು ಹಸು ಸಾಕಿದ್ದಾನೆ. ಬೇಲಿಯಾಚೆಗಿನ ಜಮೀನು ನನ್ನದು. ನನ್ನ ಶೆಡ್ಡಿನಲ್ಲಿ ವೆಲ್ಡಿಂಗ್ ಯಂತ್ರ ಇದೆಯೆಂಬ ಒಂದೇ ಕಾರಣಕ್ಕೆ ಅವನು ನನ್ನನ್ನು ಜೀವದ ಗೆಳೆಯ ಅನ್ನುತ್ತಾನೆ.

ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ಜರಡಿಯಾಗಿತ್ತು. ಅಂಥದ್ದೇ ಇನ್ನೊಂದು ಹಾಕಿಸಿದ್ದರೆ ಮುಗಿಯುತ್ತಿತ್ತು. ಆದರೆ ಅರವತ್ತಮೂರರ ವೆಂಡೆಲ್ ತರಿಸಿದ್ದು ಎಂಜಿನ್ನಿನಿಂದ ಹಿಂದಿನ ಬಂಪರಿನವರೆಗೆ ಸೈಲೆನ್ಸರೇ ಇಲ್ಲದ ಬರೀ ಕೊಳವೆ. ಅವನ ಹೆಂಡತಿ ಆರ್ಡಿತ್ ಅದನ್ನು ಕಾಲಿನಿಂದ ಒಮ್ಮೆ ಉರುಳಿಸಿ ನೋಡಿದಳು.

“ಗಾಡಿ ಚೆನ್ನಾಗಿ ಉಸಿರಾಡ್ಬೇಕು ಕಣೇ,” ಅಂದ ವೆಂಡೆಲ್.

“ಉಸಿರಾಡ್ಲಿ. ಗೊರಕೆ ಹೊಡೆಯೋಕೆ ನೀನೊಬ್ಬ ಇದೀಯಲ್ಲ, ಸಾಲ್ದಾ?” ನನ್ನ ಕಡೆ ತಿರುಗಿ, “ಡ್ವೇನ್, ನಿಂಗಾದ್ರೂ ಬುದ್ಧಿ ಇಲ್ವೇನೋ?” ಎಂದಳು.

ಇರಲಿಲ್ಲ. ಸೋಮವಾರ ನನ್ನ ಶೆಡ್ಡಿನಲ್ಲಿ ಗಾಡಿ ಎತ್ತಿ ನಿಲ್ಲಿಸಿ ಇಬ್ಬರೂ ಅಡಿಯಲ್ಲಿ ಮಲಗಿದೆವು. ಬೋಲ್ಟುಗಳು ತುಕ್ಕಿಗೆ ಅಂಟಿ ಒಂದಾಗಿದ್ದವು. ಎಣ್ಣೆ ಬಿಟ್ಟೆವು, ಬೆಂಕಿ ಹಿಡಿದೆವು, ಬೈದೆವು. ಬೈಗುಳಕ್ಕೆ ಎರಡು ಬಿಚ್ಚಿಕೊಂಡವು, ಮೂರನೆಯದು ಮುರಿಯಿತು. ಹಳೆಯ ಸೈಲೆನ್ಸರ್ ಕಳಚಿ ವೆಂಡೆಲ್‌ನ ಎದೆಯ ಮೇಲೆ ಬಿದ್ದು, ಹತ್ತು ವರ್ಷದ ಮಸಿಯನ್ನು ಅವನ ಬಾಯಿಗೆ ಸುರಿಯಿತು. ಹೊಸ ಪೈಪನ್ನು ಹಿಂದಿನ ಚಕ್ರಗಳ ಅಚ್ಚಿನ ಮೇಲಿಂದ ತೂರಿಸುವುದಂತೂ ಕೋಪಗೊಂಡ ಹೆಬ್ಬಾವಿಗೆ ಪ್ಯಾಂಟು ತೊಡಿಸಿದಂತಿತ್ತು.

“ಎಡಕ್ಕೆ ಎಳಿ,” ಅಂದೆ.

“ಯಾರ ಎಡಕ್ಕೆ?”

“ಇಬ್ರೂ ಒಂದೇ ಕಡೆ ಮಲ್ಗಿದೀವಿ ಮಾರಾಯ, ನಿಂಗೆಷ್ಟು ಎಡ ಇದೆ?”

ಪೈಪನ್ನು ತೂಗುಹಾಕುವ ರಬ್ಬರುಗಳಿಗೆ ಆರ್ಡಿತ್‌ಳ ಪಾತ್ರೆ ಸೋಪು ಹಚ್ಚಿ ಜಾರಿಸಿದೆವು. ಕ್ಲಾಂಪು ಬಿಗಿದೆವು. ವೆಂಡೆಲ್ ಕೀಲಿ ತಿರುಗಿಸಿದ. ತಗಡಿನ ಗೋಡೆ ನಡುಗಿತು, ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿದವು, ನನ್ನ ಕಟ್ಟಿಸಿಕೊಂಡ ಹಲ್ಲು ಅಲುಗಾಡಿತು. ವೆಂಡೆಲ್‌ನ ಕಣ್ಣುಗಳು ಒದ್ದೆಯಾಗಿದ್ದವು. ಅವನ ಮದುವೆಯಲ್ಲಿ ಅವನ ಪಕ್ಕದಲ್ಲೇ ನಿಂತಿದ್ದವನು ನಾನು, ಆವತ್ತು ಒದ್ದೆಯಾಗಿರಲಿಲ್ಲ.

ಮಾರನೆಯ ದಿನ ಹಿಂಡಿಯ ಮೂಟೆ ಹೇರಿಕೊಂಡು ಹುಲ್ಲುಗಾವಲಿಗೆ ಹೊರಟೆವು. ಪಿಕಪ್ಪಿನ ಸದ್ದು ಕೇಳಿದರೆ ಸಾಕು, ಹಸುಗಳು ಹೊಟ್ಟೆ ಕುಣಿಸುತ್ತ ಎದುರು ಓಡಿಬರುತ್ತಿದ್ದವು. ಆವತ್ತು ನೂರಿಪ್ಪತ್ತೂ ತಲೆ ಎತ್ತಿ ನೋಡಿ, ಬಾಲ ಎತ್ತಿ ಓಡಿದವು. ವೆಂಡೆಲ್ ಹಿಂದೆಯೇ ಅಟ್ಟಿದ. ಅವು ಮುಳ್ಳುತಂತಿ ಕಿತ್ತುಕೊಂಡು ರಸ್ತೆಗಿಳಿದವು.

“ಎಂಜಿನ್ ಆಫ್ ಮಾಡೋ,” ಎಂದು ಕಿರುಚಿದೆ.

“ಏನು?”

“ಆಫ್ ಮಾಡು ಅಂದೆ.”

“ಕೇಳಿಸ್ತಿಲ್ಲ ಕಣೋ.”

ಹೀಗೆ ಎರಡು ಮೈಲಿ ಹೋದೆವು.

ಹಸುಗಳು ನಿಂತದ್ದು ಲೂಥರನ್ ಚರ್ಚಿನ ಅಂಗಳದಲ್ಲಿ. ಮಂಗಳವಾರ ಅಲ್ಲಿ ಹೆಂಗಸರು ಕೌದಿ ಹೊಲಿಯುತ್ತಾರೆ. ಕಿಟಕಿಯಲ್ಲಿ ಇಣುಕಿದ ಹಸುವಿನ ಮೈಮೇಲೆ ತನ್ನದೇ ಮನೆಯ ಬರೆಯ ಮುದ್ರೆ ಕಂಡ ಆರ್ಡಿತ್ ಸೂಜಿ ಚುಚ್ಚಿಟ್ಟು ಹೊರಬಂದಳು. ಗಂಡನ ಕಡೆ ನೋಡಲಿಲ್ಲ. ಪಿಕಪ್ಪಿನಿಂದ ಒಂದು ಮೂಟೆ ಎಳೆಸಿ ತನ್ನ ಪುಟ್ಟ ಕೆಂಪು ಕಾರಿನ ಡಿಕ್ಕಿಗೆ ಹಾಕಿಸಿ, ಮೂಟೆಯ ಬಾಯಿ ಬಿಚ್ಚಿಟ್ಟು, ಹಾರ್ನ್ ಒತ್ತುತ್ತ ನಿಧಾನವಾಗಿ ಹೊರಟಳು. ನೂರಿಪ್ಪತ್ತು ಗಬ್ಬದ ಹಸುಗಳು ಸಾಲಾಗಿ ಹಿಂಬಾಲಿಸಿದವು. ಪಾದ್ರಿ ಬಾಗಿಲಲ್ಲಿ ನಿಂತು, “ಭಾನುವಾರ ನಂಗೆ ಇಷ್ಟು ಜನ ಬರಲ್ಲ,” ಅಂದರು.

ಅಂದಿನಿಂದ ಹಿಂಡಿ ಹಾಕಲು ಕೆಂಪು ಕಾರೇ ಗತಿಯಾಯಿತು. ವೆಂಡೆಲ್ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಟೋಪಿ ಸೂರಿಗೆ ಒತ್ತಿಕೊಂಡು ಗುಡ್ಡ ಹತ್ತಿಳಿಯುತ್ತಿದ್ದ. ಹಸುಗಳು ಕಿಟಕಿಯೊಳಗೆ ತಲೆ ಹಾಕಿ ಅವನ ಕಿವಿ ನೆಕ್ಕುತ್ತಿದ್ದವು. ಕಾರಿಲ್ಲದ ಆರ್ಡಿತ್ ಬೇರೆ ದಾರಿ ಕಾಣದೆ ಚರ್ಚಿಗೆ ಪಿಕಪ್ ತೆಗೆದುಕೊಂಡು ಹೋದಳು. ಮೊದಲ ವಾರ ಶಾಪ ಹಾಕಿದಳು. ಎರಡನೆಯ ವಾರ ಸುಮ್ಮನಿದ್ದಳು. ಮೂರನೆಯ ವಾರ, ತನ್ನ ಹೊಲಿಗೆಯನ್ನು ಆಡಿಕೊಂಡಿದ್ದ ಹೆಂಗಸಿನ ಮನೆ ಮುಂದೆ ಗಾಡಿ ನಿಧಾನ ಮಾಡಿ, ಆಕ್ಸಿಲರೇಟರ್ ತುಳಿದು, ಅಲ್ಲಿ ಒಣಗಹಾಕಿದ್ದ ಬಿಳಿ ಹಾಸಿಗೆಬಟ್ಟೆಗಳ ಮೇಲೆ ಕರಿಮೋಡ ಕವಿಸಿದಳೆಂದು ಸುದ್ದಿ ಬಂತು.

ಮೇ ತಿಂಗಳಲ್ಲಿ ಕರುಗಳೆಲ್ಲ ಹುಟ್ಟಿ, ಹುಲ್ಲು ಚಿಗುರಿ, ಹಿಂಡಿಯ ಕೆಲಸ ಮುಗಿಯಿತು. ವೆಂಡೆಲ್ ಕಾರನ್ನು ತೊಳೆದು ಹೆಂಡತಿಯ ಮುಂದೆ ತಂದು ನಿಲ್ಲಿಸಿದ.

“ತಗೋ ನಿನ್ ಕಾರು. ಪಿಕಪ್ ಕೀ ಕೊಡು.”

ಆರ್ಡಿತ್ ಕಾರಿನೊಳಗೆ ಮೂಗು ತೂರಿಸಿ ಹೊರತೆಗೆದಳು. “ಸಗಣಿ ವಾಸನೆ. ನೀನೇ ಇಟ್ಕೋ.”

ಪಿಕಪ್ ಹತ್ತಿ ಹೊರಟೇಹೋದಳು. ವೆಂಡೆಲ್ ಏನೋ ಕೂಗಿ ಹೇಳಿದ. ಪಕ್ಕದಲ್ಲೇ ನಿಂತಿದ್ದ ನನಗೂ ಅದು ಕೇಳಿಸಲಿಲ್ಲ.