ಗೆರೆ ಅಕ್ಕನದು, ಬಣ್ಣ ನನ್ನದು

ಬೇಸಿಗೆ ಕೊನೆಗೆ ಬಂದಿತ್ತು. ಹೊಲಗಳಲ್ಲಿ ಕೂಳೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಒಣಹುಲ್ಲಿನ ಧೂಳು ಕಿಟಕಿಯಿಂದ ನುಗ್ಗಿ, ಸಾಲಾಗಿಟ್ಟ ಹಸಿ ಮಣ್ಣಿನ ತಟ್ಟೆಗಳ ಮೇಲೆ ಕೂರುತ್ತಿತ್ತು. ಮಳೆ ಹಿಡಿದರೆ ಸೌದೆ ನೆನೆಯುತ್ತದೆ, ಮಣ್ಣು ಒಣಗುವುದಿಲ್ಲ. ಮೋಡ ಕಟ್ಟುವ ಮೊದಲೇ ತಟ್ಟೆ ಸುಡುವ ಕೊನೆಯ ಆವಿಗೆ ಹೊತ್ತಿಸಿಬಿಡಬೇಕೆಂದು ಮಾವ ಬೆಳಗಿನಿಂದ ಹಿತ್ತಿಲಲ್ಲಿ ಸೌದೆ ಸೀಳುತ್ತಿದ್ದ. ಕೊನೆಯದು ಎಂದರೆ ಆ ವರ್ಷಕ್ಕೆ ಮಾತ್ರ ಕೊನೆಯದಲ್ಲ. ಇನ್ನು ಮುಂದೆ ಆ ಮನೆಯಲ್ಲಿ ತಟ್ಟೆ ಸುಡುವುದೇ ಇಲ್ಲ. ಮಾವನ ಮಂಡಿ ಕೈಕೊಟ್ಟಿತ್ತು, ಮಣ್ಣಿನ ತಟ್ಟೆ ಕೇಳಿಕೊಂಡು ಬರುವವರೂ ಅಪರೂಪವಾಗಿದ್ದರು.

ಚಿಕ್ಕವಳು ಕಿಟಕಿಯ ಪಕ್ಕ ಕೂತು ಒಂದು ತಟ್ಟೆಯ ಅಂಚಿಗೆ ನೀಲಿ ಬಳಿಯುತ್ತಿದ್ದಳು. ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಅವಳು ಚಿಕ್ಕವಳೇ, ಯಾಕೆಂದರೆ ಅಕ್ಕ ದೊಡ್ಡವಳು. ತಾಯಿ ಇಲ್ಲವಾದ ಮೇಲೆ ಸೋದರಮಾವನ ಮನೆ ಸೇರಿದ ಇಬ್ಬರು ಹುಡುಗಿಯರನ್ನು ಎಲ್ಲರೂ ಹಾಗೆಯೇ ಕರೆದರು, ಅದೇ ನಿಂತುಹೋಯಿತು. ದೊಡ್ಡವಳು ಗೆರೆ ಎಳೆಯುತ್ತಿದ್ದಳು, ಚಿಕ್ಕವಳು ಬಣ್ಣ ತುಂಬುತ್ತಿದ್ದಳು. ಬಿಳಿ ಮಣ್ಣು ಬಳಿದ ಹಸಿ ತಟ್ಟೆ ಕುಂಚ ಮುಟ್ಟಿದೊಡನೆ ಬಣ್ಣವನ್ನು ಕುಡಿದುಬಿಡುತ್ತದೆ. ತಪ್ಪಿದ ಗೆರೆಯನ್ನು ಅಳಿಸುವ ಮಾತೇ ಇಲ್ಲ. ಅಕ್ಕ ಉಸಿರು ಬಿಗಿಹಿಡಿದು, ಹಕ್ಕಿಯ ಕೊಕ್ಕಿನಿಂದ ಹೊರಟು, ಬೆನ್ನು ಇಳಿದು, ಬಾಲ ಸುತ್ತಿ, ಕುಂಚ ಎತ್ತದೆಯೇ ಮತ್ತೆ ಕೊಕ್ಕಿಗೆ ಬಂದು ಸೇರುತ್ತಿದ್ದಳು. ಆಮೇಲೆ ತಿರುಗಿಯೂ ನೋಡದೆ ತಟ್ಟೆಯನ್ನು ಬಲಕ್ಕೆ ಸರಿಸುತ್ತಿದ್ದಳು. ಅಲ್ಲಿ ಚಿಕ್ಕವಳ ಎಡಗೈ ಕಾದಿರುತ್ತಿತ್ತು.

ಹೋದ ಚಳಿಗಾಲದಲ್ಲಿ ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಮದ್ದಿಗೆ ಬಗ್ಗಲಿಲ್ಲ. ಅವಳು ಗೆರೆ ಎಳೆದಿಟ್ಟ ಒಂದಷ್ಟು ತಟ್ಟೆಗಳು ಮೇಲಿನ ಅಟ್ಟಣೆಯಲ್ಲಿ ಬಣ್ಣವಿಲ್ಲದೆ ಉಳಿದವು. ಚಿಕ್ಕವಳು ಮುಟ್ಟಲಿಲ್ಲ. ಮಾವನೂ ಕೇಳಲಿಲ್ಲ. ಆ ಮನೆಯಲ್ಲೊಂದು ರೂಢಿಯಿತ್ತು: ಒಬ್ಬರ ಕೈಯ ಕೊನೆಯ ತಟ್ಟೆ ಸುಟ್ಟು ಹೊರಬರುವವರೆಗೆ ಅವರು ಕೆಲಸ ಬಿಟ್ಟರು ಎನ್ನುವಂತಿಲ್ಲ. ಜಗಳವಾಡಿ ಎದ್ದುಹೋದವನಿಗೂ ಅದೇ ಮರ್ಯಾದೆ. ಆವಿಗೆ ಬಿಚ್ಚಿದ ದಿನ ಮಾವ ಆ ತಟ್ಟೆಯನ್ನು ಕೈಯಲ್ಲಿ ಹಿಡಿದು, ಇಂಥವನು ಕೆಲಸ ಬಿಟ್ಟ ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಅಲ್ಲಿಗೆ ಮುಗಿಯಿತು.

ಬಿಸಿಲೇರುವ ಹೊತ್ತಿಗೆ ಭಾವ ಬಂದ. ಅಕ್ಕನ ಗಂಡ, ಪೇಟೆ ಬೀದಿಯಲ್ಲಿ ಕಾಗದ ಅಚ್ಚು ಹಾಕುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಪಟ್ಟಣದ ಟೈಲ್ಸ್ ಕಾರ್ಖಾನೆಯಲ್ಲಿ ಚಿತ್ರ ಬರೆಯುವವರು ಬೇಕಾಗಿದ್ದಾರೆಂದು ಸುದ್ದಿ ತಂದವನೂ ಅವನೇ. ಆವಿಗೆ ಆರಿತೆಂದರೆ ಚಿಕ್ಕವಳಿಗೆ ಬೇರೆ ದಾರಿಯಿರಲಿಲ್ಲ. ಅವಳಿಗೆ ಗೊತ್ತಿದ್ದ ಕೆಲಸ ಇದೊಂದೇ.

"ನೋಡಮ್ಮ, ನಿನ್ನ ರೆಸ್ಯೂಮೆ," ಎಂದು ಚೀಲದಿಂದ ಹಾಳೆಯೊಂದನ್ನು ಹುಷಾರಾಗಿ ತೆಗೆದ.

ಸುತ್ತಲೂ ಹೂಬಳ್ಳಿಯ ಅಂಚು. ಹೆಸರಿಗೆ ಬಂಗಾರದ ಬಣ್ಣ. ನಾಲ್ಕಾರು ಬಗೆಯ ಅಕ್ಷರಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು.

"ಗಂಡು ಯಾರು ಭಾವ?"

"ಯಾವ ಗಂಡು?"

"ಇದು ಮದುವೆ ಕರೆಯೋಲೆ ಅಲ್ವಾ?"

ಹಿತ್ತಿಲಿನಿಂದ ಮಾವನ ದನಿ ಬಂತು. "ಊಟಕ್ಕೆ ಎಷ್ಟು ಹೊತ್ತಿಗೆ ಬರಬೇಕು ಅಂತಾನೂ ಹಾಕಪ್ಪ!"

"ನಗ್ರಿ, ನಗ್ರಿ. ನನ್ನ ಕೈಗೆ ಬರೋದು ಇದೇ." ಭಾವ ಪೆಚ್ಚಾಗಿ ನಕ್ಕ. "ಕೆಳಗೆ 'ಶ್ರಮಜೀವಿ' ಅಂತ ಬೇರೆ ಹಾಕಿದೀನಿ, ನೋಡಿದೆಯಾ?"

"ಕತ್ತೆಗೂ ಹಾಕಬಹುದು ಅದನ್ನ. ತೆಗೀರಿ."

ಅವಳು ಕುಂಚ ತೊಳೆದು, ಕೈ ಒರೆಸಿಕೊಂಡು, ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಚೌಕ ಹಾಕಿದಳು. ತಟ್ಟೆಯಲ್ಲಿ ಹಕ್ಕಿ ಎದ್ದು ಕಾಣಬೇಕಾದರೆ ಸುತ್ತ ಬಿಳಿ ಬಿಡಬೇಕು. ಕಾಗದಕ್ಕೂ ಅದೇ ತಾನೇ? "ಬಳ್ಳಿ ಬೇಡ. ಅಕ್ಷರ ಒಂದೇ ಥರದ್ದು ಇರಲಿ. ಮೇಲೆ ಹಕ್ಕಿ ತಟ್ಟೆ ಫೋಟೋ ದೊಡ್ಡದಾಗಿ ಬರಲಿ, ಕೆಳಗೆ ಸಣ್ಣವು ಎರಡು ಮೂರು. ನೋಡೋರ ಕಣ್ಣಿಗೆ ಮೊದಲು ಕೆಲಸ ಬೀಳಬೇಕು. ನಾನು ಎಲ್ಲಿ ಹುಟ್ಟಿದೆ, ಎಷ್ಟು ಓದಿದೆ ಅನ್ನೋದು ಕೊನೇಲಿ ಒಂದು ಮೂಲೆಗಿರಲಿ."

"ಫೋಟೋ ಕೆಳಗೆ ಏನು ಹಾಕಲಿ?"

"ಯಾರು ಏನು ಮಾಡಿದರು ಅಂತ. ಗೆರೆ ಅಕ್ಕನದು, ಬಣ್ಣ ನನ್ನದು."

ಅವಳಿಂದ ಪೆನ್ಸಿಲ್ ಇಸಿದುಕೊಂಡು ಬರೆಯುತ್ತಿದ್ದ ಭಾವ ಅದನ್ನು ಕೆಳಗಿಟ್ಟ. "ಅವರು ಕೇಳಿರೋದು ಚಿತ್ರ ಬರೆಯೋರನ್ನ ಕಣಮ್ಮ. ಬರೀ ನಿನ್ನ ಹೆಸರು ಹಾಕೋಣ. ಅವಳೇನು ಬೇಡ ಅಂತಾಳಾ? ಇದ್ದಿದ್ರೆ ಅವಳೇ ನಿನ್ನ ಹೆಸರು ಹಾಕಿಸ್ತಿದ್ಳು."

"ಹಾಕಿಸ್ತಿದ್ಳು. ಅದಕ್ಕೇ ನನ್ನ ಕೈಲಾಗಲ್ಲ."

ಭಾವ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಅವಳ ಹೆಸರಿನ ಮುಂದೆ... ದಿವಂಗತ ಅಂತ...?"

ಚಿಕ್ಕವಳು ತಲೆಯೆತ್ತಿ ಅಟ್ಟಣೆ ನೋಡಿದಳು. "ಅವಳ ತಟ್ಟೆ ಇನ್ನೂ ಸುಡದೆ ಹಸಿಯಾಗೇ ಇವೆಯಲ್ಲ ಭಾವ."

ಅವನು ತಲೆಯಾಡಿಸಿದ. ಹಾಳೆ ಮಡಿಸುತ್ತಾ, "ಅವಳ ಹೆಸರು ನಾನು ಅಚ್ಚು ಹಾಕಿದ್ದು ಎರಡೇ ಸಲ. ಒಂದು ನಮ್ಮ ಮದುವೆಗೆ," ಎಂದ. ಇನ್ನೊಂದು ಹೋದ ಚಳಿಗಾಲದ್ದು.

ಮಾರನೆಯ ದಿನ ಹೊಸ ಪುಟ ತಯಾರಾಗಿ ಬಂತು. ಬಿಳಿಯ ನಡುವೆ ಹಕ್ಕಿ ಆಗತಾನೇ ಬಂದು ಕೂತಂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಹೆಸರು, ಅಕ್ಕಪಕ್ಕ. ಮಾವ ಕನ್ನಡಕ ಏರಿಸಿ ಎಷ್ಟೋ ಹೊತ್ತು ನೋಡಿದ. ಈ ಸಲ ಅವನಿಗೆ ಚೇಷ್ಟೆ ಹೊಳೆಯಲಿಲ್ಲ. ಭಾವ ಅದನ್ನು ಫೋನಿನಲ್ಲೇ ಪಟ್ಟಣಕ್ಕೆ ಕಳಿಸಿದ.

ಕಾಯುವ ದಿನಗಳಲ್ಲಿ ಚಿಕ್ಕವಳು ಯಾರೂ ಇಲ್ಲದಾಗ ಒಡೆದ ಚೂರುಗಳ ಮೇಲೆ ತಾನೇ ಗೆರೆ ಎಳೆದು ನೋಡಿದಳು. ಕೊಕ್ಕಿನಿಂದ ಹೊರಟದ್ದು ಕತ್ತಿಗೆ ಬರುವಷ್ಟರಲ್ಲಿ ನಡುಗುತ್ತಿತ್ತು. ಹಕ್ಕಿ ಹೋಗಿ ಮಳೆಯಲ್ಲಿ ತೊಯ್ದ ಕೋಳಿಯಾಗುತ್ತಿತ್ತು. ಚೂರುಗಳನ್ನು ಮಣ್ಣಿನ ಗುಂಡಿಗೆ ಎಸೆದಳು.

ಮಾವ ಆವಿಗೆಯೊಳಗೆ ತಟ್ಟೆ ಜೋಡಿಸುತ್ತಿದ್ದಾಗ ಫೋನ್ ಬಂತು. ಕಾರ್ಖಾನೆಯ ಮೇಡಂ. ದನಿಯಲ್ಲಿ ನಗುವಿತ್ತು.

"ಎಂಥ ಕೆಲಸ ರೀ ನಿಮ್ಮದು! ಬಂದಿರೋ ಕಾಗದಗಳಲ್ಲಿ ನಿಮ್ಮದೊಂದನ್ನೇ ನಾವು ಗೋಡೆಗೆ ಅಂಟಿಸಿದೀವಿ. ಸೋಮವಾರ ಬಂದುಬಿಡಿ, ಇಬ್ಬರೂ."

ಚಿಕ್ಕವಳು ಗೋಡೆಗೆ ಒರಗಿದಳು. "ನಾನು ಬರ್ತೀನಿ ಮೇಡಂ."

"ನಿಮ್ಮ ಅಕ್ಕ? ಆ ಗೆರೆ ಎಳೆದೋರು?"

"ಅಕ್ಕನಿಗೆ ಬರೋಕಾಗಲ್ಲ."

"ಹುಷಾರಿಲ್ವಾ? ಪರವಾಗಿಲ್ಲ, ಒಂದು ವಾರ ಬಿಟ್ಟು ಬರಲಿ. ಕಾಯ್ತೀವಿ."

ಕಾಯುತ್ತಾರಂತೆ. ಇಷ್ಟು ತಿಂಗಳು ತಾನು ಮಾಡಿದ್ದೂ ಅದನ್ನೇ ಅಲ್ಲವೇ?

"ಕಾಯಬೇಡಿ ಮೇಡಂ. ಅಕ್ಕ ತೀರಿಕೊಂಡ್ಳು. ಚಳಿಗಾಲದಲ್ಲೇ."

ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಕಡೆ ದನಿಯ ನಗು ಆರಿತು. "ಅಯ್ಯೋ... ನಮಗೆ ತಿಳೀಲಿಲ್ಲ." ಮತ್ತೆ ಮೆಲ್ಲಗೆ, "ಆ ಥರ ಗೆರೆ ನಿಮಗೆ ಬರುತ್ತಾ?"

ಬರುತ್ತದೆ ಎಂದುಬಿಟ್ಟರೆ? ನಾಲಿಗೆಯ ತುದಿಯವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು. "ಇಲ್ಲ. ನಾನು ಬಣ್ಣ ತುಂಬೋಳು."

"ಬಣ್ಣ ತುಂಬೋಕೆ ನಮ್ಮಲ್ಲಿ ಯಂತ್ರ ಇದೆಯಮ್ಮ," ಎಂದಳು ಮೇಡಂ. ಕೊಂಕಿರಲಿಲ್ಲ, ನಿಜವಾಗಿ ನೊಂದ ದನಿ. "ಬೇರೇನಾದ್ರೂ ಇದ್ರೆ ಖಂಡಿತ ಹೇಳ್ತೀನಿ."

ಸಂಜೆ ಭಾವ ಅಂಗಡಿ ಮುಚ್ಚಿ ನೇರ ಇಲ್ಲಿಗೇ ಬಂದ. ಅವಳ ಮುಖ ನೋಡಿಯೇ ಅರ್ಥವಾಯಿತು. ಆದರೂ ಕೇಳಿದ, "ಪುಟ ಸರಿ ಬಂದಿರಲಿಲ್ವಾ?"

"ತುಂಬ ಚೆನ್ನಾಗಿತ್ತು ಭಾವ. ಗೋಡೆಗೆ ಅಂಟಿಸಿದಾರಂತೆ. ಅವರಿಗೆ ಅಕ್ಕ ಬೇಕಂತೆ."

"ನನಗೂ," ಎಂದ ಭಾವ. ಎದ್ದು ಹೋಗಿ ಹಿತ್ತಿಲ ಬಾಗಿಲಲ್ಲಿ ಬೆನ್ನು ಮಾಡಿ ನಿಂತ.

ಮರುದಿನ ಚಿಕ್ಕವಳು ಅಟ್ಟಣೆಯ ತಟ್ಟೆಗಳನ್ನು ಇಳಿಸಿದಳು. ಒಂದೊಂದನ್ನೇ ಒರೆಸಿ, ತಾನು ಯಾವತ್ತೂ ಮಾಡುತ್ತಿದ್ದ ಹಾಗೆಯೇ ನೀಲಿ, ಹಸಿರು, ಜೇನುಬಣ್ಣ ತುಂಬಿದಳು. ಎಲ್ಲೂ ಗೆರೆ ದಾಟಲಿಲ್ಲ. ಕೊನೆಯ ತಟ್ಟೆಯ ಮೇಲೆ ಕುಂಚ ಹಿಡಿದವಳು ಹಾಗೇ ಕೂತಳು. ಬಣ್ಣ ಕುಂಚದಲ್ಲೇ ಒಣಗಿತು. ಆ ತಟ್ಟೆಯನ್ನು ಹಾಗೆಯೇ ಮೆರುಗಿನ ಲೇಪದಲ್ಲಿ ಅದ್ದಿ ಮಾವನ ಮುಂದೆ ಹಿಡಿದಳು.

"ಬಣ್ಣ ಎಲ್ಲೇ?"

"ಇಲ್ಲ."

"ಅರೆಬರೆ ಕೆಲಸ ಈ ಆವಿಗೆ ಕಂಡಿಲ್ಲ ಕಣೇ."

"ಅವಳ ಕೆಲಸ ಮುಗಿದಿದೆ ಮಾವ. ಬಾಕಿ ಇರೋದು ನನ್ನದು."

"ಸುಟ್ಟ ಮೇಲೆ ಬಣ್ಣ ಹಿಡಿಯಲ್ಲ. ಆಮೇಲೆ ತೀರಿಸ್ತೀನಿ ಅಂದ್ರೂ ಆಗಲ್ಲ."

"ಗೊತ್ತು. ಬಾಕಿಯಾಗೇ ಇರಲಿ."

ಮಾವ ಎರಡೂ ಕೈಯಲ್ಲಿ ತಟ್ಟೆ ಇಸಿದುಕೊಂಡು, ನೋಯುವ ಮಂಡಿಯೂರಿ, ಒಳಗೆ ಇಟ್ಟ.

ಬೆಂಕಿ ಉರಿದು ಆರಿತು. ಇಟ್ಟಿಗೆಯ ಕಾವು ಇಳಿಯುವ ಹೊತ್ತಿಗೆ ದೂರದಲ್ಲಿ ಗುಡುಗಿತು, ಮಣ್ಣಿನ ವಾಸನೆ ಎದ್ದಿತು. ಮಾವ ಆವಿಗೆಯ ಬಾಯಿ ಬಿಚ್ಚಿ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ಕೊಟ್ಟ. ಭಾವ ತೆಗೆದುಕೊಂಡು ಹುಲ್ಲಿನ ಮೇಲಿಟ್ಟ. ಕೊನೆಯದನ್ನು ಮಾತ್ರ ಮಾವ ಕೊಡಲಿಲ್ಲ. ಮೆರುಗಿನ ಕೆಳಗೆ ಕಪ್ಪು ಗೆರೆ ಮಿರುಗುತ್ತಿತ್ತು. ಹಕ್ಕಿ ಬಿಳಿಯಾಗೇ ಇತ್ತು.

ಅವನು ಗಟ್ಟಿಯಾಗಿ ಹೇಳಲು ಬಾಯಿ ತೆರೆದ. ಪಿಸುಗುಟ್ಟಿದಂತೆ ಬಂತು:

"ದೊಡ್ಡವಳು ಕೆಲಸ ಬಿಟ್ಟಳು."

ತಟ್ಟೆಯನ್ನು ಬಲಕ್ಕೆ ಚಾಚಿದ. ಚಿಕ್ಕವಳ ಎಡಗೈ ಅಲ್ಲಿತ್ತು.